ಕಾಸಿಗೆ ತಕ್ಕ ಕಜ್ಜಾಯವೇ ಈ ಡೌನ್‌ಲೋಡ್ ಸಿನಿಮಾ?

*ದುಡ್ಡು ಕೊಟ್ಟು ಬಾಡಿಗೆಗೆ ಪಡೆದ ಸಿನಿಮಾ ನೋಡಲು 48 ಗಂಟೆಯ ಗಡುವು. ಅದರ ಮೂರು–ನಾಲ್ಕು ಪಟ್ಟು ಕೊಟ್ಟು ‘ಖರೀದಿ’ ಮಾಡಿದ ಸಿನಿಮಾವಾದರೂ ನಮ್ಮದಾಗುತ್ತದೆಯೇ? ಥಿಯೇಟರ್ ಟಿಕೆಟ್, ಓಟಿಟಿ ಚಂದಾ, ಬಾಡಿಗೆ, ಖರೀದಿ ಎಂಬ ನಾಲ್ಕು ದಾರಿಗಳ ನಡುವೆ ನಿಂತ ಪ್ರೇಕ್ಷಕನ ಜೇಬಿನ ಲೆಕ್ಕ ಇಲ್ಲಿದೆ.*

‘ಕೆ.ಜಿ.ಎಫ್. ಚಾಪ್ಟರ್ 2’ ತೆರೆಕಂಡದ್ದು 2022ರ ಏಪ್ರಿಲ್ 14ರಂದು. ತಿಂಗಳು ಕಳೆದು, ಮೇ 16ರಂದು ಅಮೆಜಾನ್ ಪ್ರೈಮ್ ವಿಡಿಯೊಗೆ ಬಂತು. ಆದರೆ ಚಂದಾ ಕಟ್ಟಿದವರೂ ಬೇರೆ ₹199 ತೆತ್ತು ಬಾಡಿಗೆಗೆ ಪಡೆಯಬೇಕಿತ್ತು. ‘ವರ್ಷದ ದುಡ್ಡು ಕಟ್ಟಿದ ಮೇಲೂ ಇದೇನಪ್ಪಾ ಮತ್ತೆ ವಸೂಲಿ?’ ಎಂದು ಗೊಣಗಿದವರು ಕಡಿಮೆಯೇನಲ್ಲ. ಜೂನ್ 3ರವರೆಗೆ ಕಾದವರಿಗೆ ಅದೇ ಸಿನಿಮಾ ಚಂದಾದೊಳಗೇ ಸಿಕ್ಕಿತು. ಅಂದರೆ ಹದಿನೆಂಟು ದಿನ ತಾಳಿದ್ದರೆ ಆ ₹199 ಜೇಬಿನಲ್ಲೇ ಉಳಿಯುತ್ತಿತ್ತು.

ಹಾಗಾದರೆ ದುಡ್ಡು ಕೊಟ್ಟು ನೋಡಿದವರು ಮೋಸ ಹೋದರೇ? ಹಾಗೆ ಹೇಳಿಬಿಡುವುದು ಸುಲಭ. ಲೆಕ್ಕ ಹಾಕಿ ನೋಡಿದರೆ ಬೇರೆಯದೇ ಉತ್ತರ ಬರುತ್ತದೆ.

ಐದು ಜನರ ಲೆಕ್ಕ

ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ ಇರುವ ಮನೆಯನ್ನೇ ತೆಗೆದುಕೊಳ್ಳಿ. ಮಲ್ಟಿಪ್ಲೆಕ್ಸ್‌ನಲ್ಲಿ ತಲೆಗೆ ₹200 ಎಂದುಕೊಂಡರೂ ಟಿಕೆಟ್ಟಿಗೇ ಸಾವಿರ. ಆ ₹200 ಎಂಬ ದರವೂ ಖಾತ್ರಿಯಲ್ಲ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ ದರಕ್ಕೆ ₹200ರ ಮಿತಿ ಹಾಕಿ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಟಿಕೆಟ್ಟಿನ ಮೇಲೆ ಪಾಪ್‌ಕಾರ್ನ್, ಪಾರ್ಕಿಂಗ್, ಆಟೊ ಎಲ್ಲ ಸೇರಿದರೆ ಒಂದು ಸಂಜೆಗೆ ಎರಡು ಸಾವಿರ ಕರಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ಇದರ ಮುಂದೆ ಐದು ಜನ ಒಟ್ಟಿಗೆ ಕೂತು ನೋಡುವ ₹199ರ ಬಾಡಿಗೆ ತಲೆಗೆ ನಲವತ್ತು ರೂಪಾಯಿಯೂ ಆಗುವುದಿಲ್ಲ. ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತಬೇಕಿಲ್ಲ. ಮಗು ಅತ್ತರೆ ಪಕ್ಕದ ಸೀಟಿನವರ ಕೆಂಗಣ್ಣಿಲ್ಲ.

ತಾಲ್ಲೂಕು ಕೇಂದ್ರಗಳಲ್ಲಿ, ಹಳ್ಳಿಗಳಲ್ಲಿ ಇರುವವರಿಗೆ ಈ ಲೆಕ್ಕ ಇನ್ನೂ ಗಟ್ಟಿ. ಒಂಟಿ ಪರದೆಯ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು, ಮೈಸೂರಿನ ಶಾಂತಲಾ 2020ರಲ್ಲಿ. ದೊಡ್ಡ ಊರುಗಳ ಹೆಸರಾಂತ ಟಾಕೀಸುಗಳ ಗತಿಯೇ ಹೀಗಿರುವಾಗ ಸಣ್ಣ ಊರಿನವುಗಳ ಪಾಡು ಕೇಳಬೇಕಿಲ್ಲ. ಹತ್ತಿರದ ಥಿಯೇಟರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ಹೋಗಬೇಕಾದವನಿಗೆ ಬಸ್ ಚಾರ್ಜೂ ಸಿನಿಮಾದ ಬೆಲೆಯೊಳಗೇ ಬರುತ್ತದೆ.

ಈ ಲೆಕ್ಕವನ್ನು ಆಮೀರ್ ಖಾನ್ ಬಹಿರಂಗವಾಗಿಯೇ ಹಾಕಿದರು. ಜೂನ್ 2025ರಲ್ಲಿ ತೆರೆಕಂಡ ‘ಸಿತಾರೆ ಜಮೀನ್ ಪರ್’ ಅನ್ನು ಯಾವ ಓಟಿಟಿಗೂ ಕೊಡದೆ, ಆಗಸ್ಟ್ 1ರಿಂದ ಯೂಟ್ಯೂಬ್‌ನಲ್ಲಿ ₹100 ಬಾಡಿಗೆಗೆ ಇಟ್ಟರು. ಮೊದಲ ದಿನವೇ ಒಂದು ಎಡವಟ್ಟು: ಐಫೋನ್‌ನಲ್ಲಿ ನೋಡಹೊರಟವರಿಗೆ ಬೆಲೆ ₹179 ಎಂದು ತೋರಿಸಿತು. ನಿರ್ಮಾಣ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಒಂದೇ ಸಿನಿಮಾ, ಒಂದೇ ಯೂಟ್ಯೂಬ್; ಯಾವ ಫೋನಿನಿಂದ ದುಡ್ಡು ಕಟ್ಟುತ್ತೀರಿ ಎಂಬುದರ ಮೇಲೆ ದರ ಬೇರೆ. ಕೆಲವು ಸೇವೆಗಳಿಗೆ ಐಫೋನ್ ಆ್ಯಪ್‌ನೊಳಗೆ ಪಾವತಿ ಮಾಡುವುದಕ್ಕಿಂತ ಬ್ರೌಸರ್‌ನಲ್ಲಿ ಮಾಡುವುದು ಅಗ್ಗ ಎಂಬುದು ಅಂದು ಬಹಳ ಜನಕ್ಕೆ ತಿಳಿಯಿತು.

ಇಷ್ಟಾದರೂ ಬಾಡಿಗೆಯ ಮಟ್ಟಿಗೆ ವ್ಯವಹಾರ ನೇರ. ದುಡ್ಡು ಕೊಟ್ಟ ಮೇಲೆ ನೋಡಲು ಶುರು ಮಾಡಲು ಸಾಮಾನ್ಯವಾಗಿ 30 ದಿನ, ಶುರು ಮಾಡಿದ ಮೇಲೆ ಮುಗಿಸಲು 48 ಗಂಟೆ. ಶನಿವಾರ ರಾತ್ರಿ ಹಚ್ಚಿ, ಅರ್ಧದಲ್ಲಿ ಕರೆಂಟ್ ಹೋದರೆ, ಭಾನುವಾರ ಮುಗಿಸಬಹುದು. ಸಿಗುವುದು ಏನು, ಎಷ್ಟು ಹೊತ್ತು ಎಂಬುದು ಮೊದಲೇ ಗೊತ್ತು. ತಕರಾರು ಇರುವುದು ಬಾಡಿಗೆಯ ಪಕ್ಕದಲ್ಲೇ ಕೂತಿರುವ ಇನ್ನೊಂದು ಗುಂಡಿಯ ಬಗ್ಗೆ. ಅದರ ಮೇಲೆ ‘ಖರೀದಿಸಿ’ ಎಂದು ಬರೆದಿರುತ್ತದೆ.

ಇಪ್ಪತ್ತು ವರ್ಷದ ತಕರಾರು

ಸಿನಿಮಾವನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಅಂಗಡಿ ಮೊದಲು ಗಂಭೀರವಾಗಿ ತೆರೆದದ್ದು ಅಮೆರಿಕದಲ್ಲಿ. ಅಲ್ಲಿನ ಐದು ದೊಡ್ಡ ಸ್ಟುಡಿಯೊಗಳು ಸೇರಿ 2002ರಲ್ಲಿ ‘ಮೂವಿಲಿಂಕ್’ ಎಂಬ ಸೇವೆ ಶುರು ಮಾಡಿದವು. ಮೊದಲು ಬಾಡಿಗೆ ಮಾತ್ರ. 2006ರ ಏಪ್ರಿಲ್‌ನಲ್ಲಿ ‘ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ’ ಎಂಬ ಮಾರಾಟ ಆರಂಭವಾಯಿತು. ಹೊಸ ಸಿನಿಮಾಗಳಿಗೆ 20ರಿಂದ 30 ಡಾಲರ್. ಅದೇ ಸಿನಿಮಾದ ಡಿವಿಡಿಗೆ ಅಂಗಡಿಯಲ್ಲಿ ಅಷ್ಟು ಬೆಲೆ ಇರಲಿಲ್ಲ! ಡಿವಿಡಿಗೆ ಡಬ್ಬಿ ಇತ್ತು, ಬಣ್ಣದ ಹೊದಿಕೆ ಇತ್ತು, ನಿರ್ದೇಶಕರ ಮಾತು ಇತ್ತು, ಯಾವ ಟಿ.ವಿ.ಯಲ್ಲಾದರೂ ಹಾಕಿ ನೋಡಬಹುದಿತ್ತು. ಡೌನ್‌ಲೋಡ್ ಆದ ಕಡತ ಮಾತ್ರ ಕಂಪ್ಯೂಟರ್ ಬಿಟ್ಟು ಕದಲುತ್ತಿರಲಿಲ್ಲ. ಡಿಸ್ಕಿಗೆ ಇಳಿಸಿಕೊಂಡರೂ ಮಾಮೂಲಿ ಡಿವಿಡಿ ಪ್ಲೇಯರ್‌ನಲ್ಲಿ ಓಡುತ್ತಿರಲಿಲ್ಲ. ಮುದ್ರಣ, ಸಾಗಾಟ, ಅಂಗಡಿ ಬಾಡಿಗೆ ಯಾವುದೂ ಇಲ್ಲದ ಸರಕಿಗೆ ಹೆಚ್ಚು ಬೆಲೆ, ಕಡಿಮೆ ಸೌಲಭ್ಯ. ಜನ ಮೂಗು ಮುರಿದರು. ಮರುವರ್ಷ ಮೂವಿಲಿಂಕ್ ‘ಬ್ಲಾಕ್‌ಬಸ್ಟರ್’ ಪಾಲಾಯಿತು.

2006ರ ಸೆಪ್ಟೆಂಬರ್‌ನಲ್ಲೇ ಆ್ಯಪಲ್ ತನ್ನ ಐಟ್ಯೂನ್ಸ್‌ನಲ್ಲಿ ಡಿಸ್ನಿ ಬಳಗದ 75 ಸಿನಿಮಾಗಳನ್ನು ಮಾರಾಟಕ್ಕಿಟ್ಟಿತು. ಹಳೆಯವು 9.99 ಡಾಲರ್, ಹೊಸವು 14.99. ಬೆಲೆ ಇಳಿಯಿತು, ಬೀಗ ಉಳಿಯಿತು.

ನಮ್ಮಲ್ಲಿ ಸರಿಸುಮಾರು ಅದೇ ಹೊತ್ತಿಗೆ ನಡೆದ ಕಥೆ ತೀರಾ ಬೇರೆ. ಖಾಲಿ ಡಿಸ್ಕು ತಯಾರಿಸುತ್ತಿದ್ದ ‘ಮೋಸರ್ ಬೇರ್’ ಕಂಪನಿ ಸಿನಿಮಾ ಹಕ್ಕುಗಳನ್ನು ಕೊಂಡು, ವಿಸಿಡಿಗೆ ₹28, ಡಿವಿಡಿಗೆ ₹34 ಎಂದು ದರ ಇಟ್ಟು ಮಾರುಕಟ್ಟೆಗೆ ನುಗ್ಗಿತು. ಅಲ್ಲಿಯವರೆಗೆ ಅಸಲಿ ಡಿಸ್ಕು ನೂರಾರು ರೂಪಾಯಿ. ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಸಿಗುವ ನಕಲಿ ಡಿಸ್ಕೇ ಗತಿ. ಅಸಲಿಯೇ ನಕಲಿಯ ದರಕ್ಕೆ ಸಿಕ್ಕಾಗ ಜನ ಅಸಲಿ ಕೊಂಡರು. ಕಿರಾಣಿ ಅಂಗಡಿಯ ಗೋಡೆಗೂ ಡಿಸ್ಕುಗಳು ಜೋತುಬಿದ್ದವು. ಆ ₹28ರ ಡಿಸ್ಕನ್ನು ಪಕ್ಕದ ಮನೆಯವರಿಗೆ ಕೊಡಬಹುದಿತ್ತು, ತಂಗಿಯ ಮನೆಗೆ ಒಯ್ಯಬಹುದಿತ್ತು, ಬೇಸರವಾದರೆ ಅರ್ಧ ಬೆಲೆಗೆ ಮಾರಬಹುದಿತ್ತು. ಆ ಕಂಪನಿ ಮುಂದೆ ಮುಳುಗಿತು. ಆದರೆ ದುಡ್ಡು ಕೊಟ್ಟು ಕೊಂಡವರ ಕಪಾಟಿನಲ್ಲಿರುವ ಡಿಸ್ಕು ಅದರ ಜೊತೆ ಮುಳುಗಲಿಲ್ಲ.

ಕೀಲಿ ಯಾರ ಕೈಯಲ್ಲಿ?

ಇಂದಿನ ‘ಖರೀದಿ’ಯಲ್ಲಿ ಇಲ್ಲದಿರುವುದು ಇದೇ ಭರವಸೆ. ಗುಂಡಿ ಒತ್ತಿದಾಗ ನಾವು ಒಪ್ಪುವ ಷರತ್ತುಗಳನ್ನು ಓದುವವರು ವಿರಳ. ಅವುಗಳ ಸಾರಾಂಶ ಇಷ್ಟು: ನೀವು ಪಡೆದದ್ದು ಸಿನಿಮಾ ಅಲ್ಲ, ನೋಡುವ ಪರವಾನಗಿ, ಹಕ್ಕುದಾರರ ಜೊತೆಗಿನ ಒಪ್ಪಂದ ಮುಗಿದರೆ ಅದು ಸಿಗದೆ ಹೋಗಬಹುದು. ಮನೆಯನ್ನು ಪೂರ್ತಿ ಬೆಲೆಗೆ ಮಾರಿ, ಕೀಲಿಕೈ ಮಾತ್ರ ಮಾರಿದವನ ಜೇಬಿನಲ್ಲೇ ಉಳಿಸಿಕೊಂಡಂತೆ ಇದು.

ಇದು ಬರೀ ಕಾಗದದ ಮೇಲಿನ ಭಯವಲ್ಲ. ಹಾಲಿವುಡ್ ಸ್ಟುಡಿಯೊಗಳೇ ಸೇರಿ ಕಟ್ಟಿದ ‘ಅಲ್ಟ್ರಾವಯಲೆಟ್’ ಎಂಬ ಡಿಜಿಟಲ್ ಕಪಾಟು 2019ರ ಜುಲೈ 31ರಂದು ಬಾಗಿಲು ಹಾಕಿತು. ಕೊಂಡ ಸಿನಿಮಾಗಳನ್ನು ಬೇರೆ ಸೇವೆಗಳಿಗೆ ಜೋಡಿಸಿಕೊಳ್ಳಿ ಎಂದು ಗ್ರಾಹಕರಿಗೆ ಹೇಳಲಾಯಿತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಸೋನಿಯ ಪ್ಲೇಸ್ಟೇಷನ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡಿದ್ದ ‘ಸ್ಟುಡಿಯೊಕನಾಲ್’ನ ನೂರಾರು ಸಿನಿಮಾಗಳು 2022ರ ಆಗಸ್ಟ್ ಕೊನೆಗೆ ಗ್ರಾಹಕರ ಖಾತೆಯಿಂದ ಮಾಯವಾದವು. ಮರುವರ್ಷ ಡಿಸ್ಕವರಿ ಕಾರ್ಯಕ್ರಮಗಳಿಗೂ ಅದೇ ಗತಿ ಎಂದು ಸೋನಿ ಪ್ರಕಟಿಸಿತು. ಜನ ತಿರುಗಿಬಿದ್ದರು, ಒಪ್ಪಂದ ನವೀಕರಣವಾಯಿತು, ಕಾರ್ಯಕ್ರಮಗಳು ಉಳಿದವು. ಮೈಕ್ರೊಸಾಫ್ಟ್ ಕಂಪನಿ 2025ರ ಜುಲೈನಲ್ಲಿ ಸಿನಿಮಾ ಮಾರಾಟವನ್ನೇ ನಿಲ್ಲಿಸಿತು. ಈಗಾಗಲೇ ಕೊಂಡವರು ನೋಡಬಹುದು ಎಂದಿದೆ. ಆ ಭರವಸೆಗೆ ಅಂತಿಮ ದಿನಾಂಕ ಇಲ್ಲ, ಗ್ಯಾರಂಟಿಯೂ ಇಲ್ಲ.

ಊರು ಬಿಟ್ಟು ಊರಿಗೆ ಹೋಗುವವರಿಗೆ ಇನ್ನೊಂದು ಕಾಟ. ಡಿಜಿಟಲ್ ಅಂಗಡಿಗಳು ದೇಶವಾರು. 2018ರಲ್ಲಿ ಆಸ್ಟ್ರೇಲಿಯಾದಿಂದ ಕೆನಡಾಕ್ಕೆ ಹೋಗಿ ನೆಲೆಸಿದ ಒಬ್ಬ ಗ್ರಾಹಕನಿಗೆ, ತಾನು ಆ್ಯಪಲ್‌ನಿಂದ ಕೊಂಡಿದ್ದ ಮೂರು ಸಿನಿಮಾಗಳು ಖಾತೆಯಲ್ಲಿ ಕಾಣಲಿಲ್ಲ. ಕೊಂಡ ಆವೃತ್ತಿ ಹೊಸ ದೇಶದ ಅಂಗಡಿಯಲ್ಲಿ ಇಲ್ಲದಿದ್ದುದೇ ಕಾರಣ. ಬೆಂಗಳೂರಿನಲ್ಲಿ ಖಾತೆ ತೆರೆದು, ಕೆಲಸಕ್ಕೆಂದು ನ್ಯೂಜೆರ್ಸಿಗೋ ದುಬೈಗೋ ಹೋಗುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಖಾತೆಯ ದೇಶ ಬದಲಿಸುವ ಮುನ್ನ, ಕೊಂಡದ್ದನ್ನು ಸಾಧನಕ್ಕೆ ಡೌನ್‌ಲೋಡ್ ಮಾಡಿಕೊಳ್ಳಿ ಎಂದು ಆ್ಯಪಲ್‌ನ ಸಲಹೆಯೇ ಹೇಳುತ್ತದೆ. ಹಳೆಯ ವಿಸಿಡಿಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದವರಿಗೆ ಈ ತಾಪತ್ರಯ ಇರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ಇದಕ್ಕೊಂದು ಕಾನೂನು ಮಾಡಿತು. 2025ರ ಜನವರಿ 1ರಿಂದ ಅಲ್ಲಿ, ಕೊಡುತ್ತಿರುವುದು ಬರೀ ಪರವಾನಗಿ ಎಂದು ಗ್ರಾಹಕನಿಗೆ ಎದ್ದುಕಾಣುವಂತೆ ತಿಳಿಸದೆ ಡಿಜಿಟಲ್ ಸರಕನ್ನು ‘ಖರೀದಿ’ ಎಂದು ಮಾರುವಂತಿಲ್ಲ. ಆ ಕಾನೂನಿನಲ್ಲಿರುವ ವಿನಾಯಿತಿ ನಮ್ಮ ಚರ್ಚೆಗೆ ಬಹಳ ಮುಖ್ಯ. ಇಂಟರ್‌ನೆಟ್ಟಿನ ಹಂಗಿಲ್ಲದೆ ಕಾಯಂ ಇಟ್ಟುಕೊಳ್ಳಬಹುದಾದ ಡೌನ್‌ಲೋಡ್ ಕೊಟ್ಟರೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಕೈಗೆ ಕಡತ ಕೊಟ್ಟವನು ನಿಜವಾಗಿ ಮಾರಿದವನು ಎಂದು ಕಾನೂನೇ ಒಪ್ಪಿದಂತಾಯಿತು.

ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೆ. ಆನ್‌ಲೈನ್ ಮಾರಾಟಗಾರರ ಕಣ್ಕಟ್ಟು ತಂತ್ರಗಳ ವಿರುದ್ಧ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿಯೂ ಬಂತು. ಹದಿಮೂರು ಬಗೆಯ ತಂತ್ರಗಳನ್ನು ಅದು ಹೆಸರಿಸಿದೆ. ಪರವಾನಗಿಯನ್ನು ಖರೀದಿ ಎಂದು ಮಾರುವುದು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ.

ಎಚ್‌ಡಿ ದುಡ್ಡು, ಮಬ್ಬು ಚಿತ್ರ

ಖರೀದಿಯೋ ಬಾಡಿಗೆಯೋ, ಎರಡನ್ನೂ ಕಾಡುವ ಇನ್ನೊಂದು ಸಂಗತಿ ಚಿತ್ರದ ಗುಣಮಟ್ಟ. ಆಂಡ್ರಾಯ್ಡ್ ಫೋನುಗಳಲ್ಲಿ ಸಿನಿಮಾ ಕಳ್ಳತನ ತಡೆಯಲು ಗೂಗಲ್‌ನ ‘ವೈಡ್‌ವೈನ್’ ಎಂಬ ಬೀಗದ ವ್ಯವಸ್ಥೆ ಇರುತ್ತದೆ. ಇದರಲ್ಲಿ ಎಲ್1, ಎಲ್3 ಎಂಬ ದರ್ಜೆಗಳಿವೆ. ಎಲ್1 ಇದ್ದ ಫೋನಿಗೆ ಎಚ್‌ಡಿ ಸಿಗುತ್ತದೆ. ಎಲ್3 ಮಾತ್ರ ಇದ್ದ ಫೋನಿಗೆ ಬಹುತೇಕ ಸೇವೆಗಳು ಕೊಡುವುದು 480ಪಿ ಮಾತ್ರ. ಕೆಲವು ಅಗ್ಗದ ಫೋನು, ಹೆಸರಿಲ್ಲದ ಟಿ.ವಿ. ಬಾಕ್ಸ್‌ಗಳಲ್ಲಿ ಇರುವುದು ಇದೇ ಎಲ್3. ಪರದೆ ಎಷ್ಟೇ ಒಳ್ಳೆಯದಿರಲಿ, ಎಚ್‌ಡಿ ದರ ಕೊಟ್ಟವನಿಗೆ ಕಾಣುವುದು ಮುಖದ ಗೆರೆಗಳೇ ಅಳಿಸಿಹೋದ ಮಬ್ಬು ಚಿತ್ರ. ಕಂಪ್ಯೂಟರ್‌ನ ಕೆಲವು ಬ್ರೌಸರ್‌ಗಳಲ್ಲೂ ಇದೇ ಪಾಡು. ಲ್ಯಾಪ್‌ಟಾಪಿನಿಂದ ಕೇಬಲ್ ಎಳೆದು ಹಳೆಯ ಪ್ರೊಜೆಕ್ಟರಿಗೆ ಜೋಡಿಸಿದರೆ ಮಾತು ಕೇಳಿಸಿ ಚಿತ್ರ ಬಾರದಿರುವುದೂ ಉಂಟು. ಅದು ಕೆಟ್ಟದ್ದಲ್ಲ, ಬೀಗ ಹಾಕಿದ್ದು.

ಇನ್ನು ಡೇಟಾ. ಎಚ್‌ಡಿಯಲ್ಲಿ ಗಂಟೆಗೆ ಸುಮಾರು 3 ಜಿಬಿ ಬೇಕು ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ ಏಳು ಜಿಬಿ ದಾಟಿತು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವನಿಗೆ ಇಂಟರ್ವಲ್ ಮುಟ್ಟುವ ಮೊದಲೇ ‘ನಿಮ್ಮ ದೈನಂದಿನ ಮಿತಿ ಮುಗಿದಿದೆ’ ಎಂಬ ಸಂದೇಶ ಬರುತ್ತದೆ. ಮನೆಗೆ ಫೈಬರ್ ಇದ್ದವರ ಮಾತು ಬೇರೆ. ಇಲ್ಲದವರು ಬಾಡಿಗೆಯ ಜೊತೆ ರೀಚಾರ್ಜನ್ನೂ ಕೂಡಿಸಿಯೇ ಬೆಲೆ ಎಣಿಸಬೇಕು.

ಈ ಎಲ್ಲ ಬೀಗ ಯಾರಿಗೆ? ಪೈರಸಿ ಮಾಡುವವನಿಗೆ ಎಂದು ಕಂಪನಿಗಳು ಹೇಳುತ್ತವೆ. ಟೆಲಿಗ್ರಾಂ ಕೊಂಡಿಯಿಂದ ಇಳಿಸಿಕೊಂಡ ಕದ್ದ ಪ್ರತಿ ಮಾತ್ರ ಯಾವ ಫೋನಿನಲ್ಲೂ ಓಡುತ್ತದೆ, ಪೆನ್‌ಡ್ರೈವ್‌ಗೆ ಹಾಕಿದರೆ ಟಿ.ವಿ.ಯಲ್ಲೂ ಓಡುತ್ತದೆ, 48 ಗಂಟೆಗೆ ಮಾಯವಾಗುವುದೂ ಇಲ್ಲ. ಕೈಕಟ್ಟಿಸಿಕೊಂಡವನು ದುಡ್ಡು ಕೊಟ್ಟ ಪ್ರಾಮಾಣಿಕ ಗ್ರಾಹಕ. ಪೈರಸಿ ಅಪರಾಧವೇ, 2023ರ ತಿದ್ದುಪಡಿಯ ನಂತರ ಅದಕ್ಕೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ ಮೂರು ಲಕ್ಷ ದಂಡ. ಸಿನಿಮಾ ಮಾಡಿದವರ ಅನ್ನಕ್ಕೆ ಅದು ಕಲ್ಲು ಹಾಕುತ್ತದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನಿನ ದಂಡದಿಂದ ಮಾತ್ರ ಗ್ರಾಹಕ ಅಸಲಿಯ ಕಡೆ ಬರುವುದಿಲ್ಲ ಎಂಬ ಪಾಠವನ್ನು ₹28ರ ಡಿಸ್ಕು ಆಗಲೇ ಕಲಿಸಿತ್ತು.

ಹಾಡಿನ ವ್ಯಾಪಾರ ಈ ಪಾಠ ಬೇಗ ಕಲಿಯಿತು. 2009ರಲ್ಲಿ ಐಟ್ಯೂನ್ಸ್ ಹಾಡುಗಳ ಬೀಗ ತೆಗೆಯಿತು. ಸಿನಿಮಾ ಸ್ಟುಡಿಯೊಗಳು ಇಂದಿಗೂ ತೆಗೆದಿಲ್ಲ. ತೆಗೆದರೆ ಮುಳುಗುತ್ತೇವೆ ಎಂಬ ಭಯ ಎಲ್ಲ ಕಡೆ ನಿಜವಾಗಿಲ್ಲ ಎನ್ನಲು ಒಂದು ಉದಾಹರಣೆ ಇದೆ: ಅಮೆರಿಕದ ಹಾಸ್ಯಗಾರ ಲೂಯಿ ಸಿ.ಕೆ. 2011ರ ಡಿಸೆಂಬರ್‌ನಲ್ಲಿ ತನ್ನ ಕಾರ್ಯಕ್ರಮದ ವಿಡಿಯೊವನ್ನು ಯಾವ ಬೀಗವೂ ಇಲ್ಲದೆ, ತನ್ನದೇ ಜಾಲತಾಣದಲ್ಲಿ 5 ಡಾಲರಿಗೆ ಮಾರಿದ. ಎರಡು ವಾರ ತುಂಬುವ ಮೊದಲೇ ಹತ್ತು ಲಕ್ಷ ಡಾಲರ್ ಬಂತು.

ಕನ್ನಡ ಸಿನಿಮಾಕ್ಕೆ ಇದರಲ್ಲೇನಿದೆ?

ಕೋವಿಡ್ ಕಾಲದಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ಯಂಥ ಕನ್ನಡ ಸಿನಿಮಾಗಳು ನೇರ ಓಟಿಟಿಗೆ ಬಂದಾಗ ಹೊಸ ಬಾಗಿಲು ತೆರೆಯಿತು ಎಂದೇ ಎಲ್ಲರೂ ಅಂದುಕೊಂಡರು. ಆ ಬಾಗಿಲು ಹೆಚ್ಚು ದಿನ ತೆರೆದಿರಲಿಲ್ಲ. ದೊಡ್ಡ ಹೆಸರಿಲ್ಲದ ಕನ್ನಡ ಸಿನಿಮಾಗಳನ್ನು ಕೊಳ್ಳಲು ಓಟಿಟಿಗಳು ಹಿಂಜರಿಯುತ್ತವೆ ಎಂಬುದು ಈಗ ಗಾಂಧಿನಗರದ ನಿತ್ಯದ ಮಾತು.

ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್‌ನ ‘ಏಕಂ’ ಇದಕ್ಕೆ ಸಾಕ್ಷಿ. ಕರಾವಳಿಯ ಏಳು ಕಥೆಗಳ ಈ ಸರಣಿಯನ್ನು ಯಾವ ಓಟಿಟಿಯೂ ಕೊಳ್ಳಲಿಲ್ಲ. ಕೊನೆಗೆ ಅವರು ತಮ್ಮದೇ ಜಾಲತಾಣ ಕಟ್ಟಿ, 2024ರ ಜುಲೈ 13ರಂದು ₹149ಕ್ಕೆ ಬಿಡುಗಡೆ ಮಾಡಿದರು. ಏಳು ಕಂತಿಗೆ ಹಂಚಿದರೆ ಕಂತಿಗೆ ಇಪ್ಪತ್ತೊಂದು ರೂಪಾಯಿ ಚಿಲ್ಲರೆ. ನಡುವೆ ಓಟಿಟಿ ಇಲ್ಲ. ಪ್ರೇಕ್ಷಕನ ದುಡ್ಡು ನೇರ ಮಾಡಿದವರಿಗೆ ಹೋಗುವ ದಾರಿ. ಇದಕ್ಕೂ ಹಿಂದೆ, ಪವನ್ ಕುಮಾರ್ 2013ರಲ್ಲಿ ತೆರೆಕಂಡ ‘ಲೂಸಿಯಾ’ಕ್ಕೆ ಜನರಿಂದಲೇ ಸುಮಾರು ಐವತ್ತು ಲಕ್ಷ ಕೂಡಿಸಿ ಸಿನಿಮಾ ಮಾಡಿದ್ದರು. ಸಿನಿಮಾ ಆಗುವ ಮೊದಲೇ ನಂಬಿ ದುಡ್ಡು ಹಾಕುವ ಕನ್ನಡಿಗರಿದ್ದಾರೆ ಎಂದಮೇಲೆ, ಆದ ಮೇಲೆ ನೂರು–ನೂರೈವತ್ತು ಕೊಡುವವರು ಇರುವುದಿಲ್ಲವೇ?

ಹಳೆಯ ಸಿನಿಮಾಗಳ ಮಾತು ಇನ್ನೊಂದು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಜೀರ್ಣೋದ್ಧಾರಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಇಂಥ ಸಿನಿಮಾವನ್ನು ಒಮ್ಮೆ ನೋಡಿ ಬಿಡುವವರಿಗಿಂತ, ಇಟ್ಟುಕೊಂಡು ಮತ್ತೆ ಮತ್ತೆ ನೋಡುವವರು, ಮಕ್ಕಳಿಗೆ ತೋರಿಸುವವರು, ತರಗತಿಯಲ್ಲಿ ಪಾಠ ಮಾಡುವವರು ಹೆಚ್ಚು. ‘ಖರೀದಿ’ ಎಂಬುದಕ್ಕೆ ನಿಜವಾದ ಅರ್ಥ ಇರುವುದು ಇಂಥ ಕಡೆ. ಒಳ್ಳೆಯ ಪ್ರತಿ, ಸರಿಯಾದ ಸಬ್‌ಟೈಟಲ್, ಬೀಗವಿಲ್ಲದ ಕಡತ ಕೊಟ್ಟರೆ ಐನೂರು ರೂಪಾಯಿಯೂ ಹೆಚ್ಚಲ್ಲ.

ಗುಂಡಿ ಒತ್ತುವ ಮುನ್ನ

ಅಲ್ಲಿಯವರೆಗೆ ಗ್ರಾಹಕ ಏನು ಮಾಡಬೇಕು? ಮೊದಲು, ಆ ಸಿನಿಮಾ ಈಗಾಗಲೇ ನೀವು ಚಂದಾ ಕಟ್ಟಿದ ಯಾವುದಾದರೂ ಓಟಿಟಿಯಲ್ಲಿ ಇದೆಯೇ ನೋಡಿ. ಫೋನ್ ರೀಚಾರ್ಜಿನ ಜೊತೆ ಬಂದ ಚಂದಾ ಮರೆತೇಹೋಗಿರುತ್ತದೆ. ಹೊಸ ಸಿನಿಮಾವಾದರೆ ಇನ್ನೆರಡು–ಮೂರು ವಾರದಲ್ಲಿ ಚಂದಾದೊಳಗೆ ಬರುವ ಸಾಧ್ಯತೆ ಇದೆಯೇ ಯೋಚಿಸಿ. ಬೇರೆ ಭಾಷೆಯದಾದರೆ ಕನ್ನಡ ಧ್ವನಿ ಅಥವಾ ಸಬ್‌ಟೈಟಲ್ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಪರೀಕ್ಷಿಸಿ, ಟ್ರೇಲರ್‌ನಲ್ಲಿ ಇದ್ದ ಭಾಷೆ ಸಿನಿಮಾದಲ್ಲಿ ಇರಲೇಬೇಕೆಂದಿಲ್ಲ. ನಿಮ್ಮ ಫೋನಿಗೆ ಎಚ್‌ಡಿ ಬರುವುದಿಲ್ಲವಾದರೆ, ಎಸ್‌ಡಿ ದರ ಬೇರೆ ಇದ್ದ ಕಡೆ ಅದನ್ನೇ ಆರಿಸಿ. ಮನೆಯವರೆಲ್ಲ ಸೇರುವ ದಿನ ನೋಡಿಕೊಂಡು ಮೊದಲ ಸಲ ‘ಪ್ಲೇ’ ಒತ್ತಿ. ಎರಡು ನಿಮಿಷ ಪರೀಕ್ಷೆಗೆಂದು ಒತ್ತಿದರೂ 48 ಗಂಟೆಯ ಗಡಿಯಾರ ಓಡತೊಡಗುತ್ತದೆ.

ಬಾಡಿಗೆ ₹120, ಖರೀದಿ ₹490 ಎಂದಿಟ್ಟುಕೊಳ್ಳಿ. ಐದನೇ ಸಲ ನೋಡಿದಾಗ ಮಾತ್ರ ಖರೀದಿ ಲಾಭ. ಒಬ್ಬ ಮನುಷ್ಯ ಜೀವಮಾನದಲ್ಲಿ ಐದು ಸಲ ನೋಡುವ ಸಿನಿಮಾಗಳು ಬೆರಳೆಣಿಕೆ. ಆ ಐದನೇ ಸಲದ ಹೊತ್ತಿಗೆ ಅದು ಖಾತೆಯಲ್ಲಿ ಉಳಿದಿರುತ್ತದೆ ಎಂಬ ಖಾತ್ರಿಯೂ ಇಲ್ಲ. ಮನೆಯ ಪುಟ್ಟ ಮಗು ದಿನವೂ ಹಠ ಹಿಡಿದು ನೋಡುವ ಕಾರ್ಟೂನ್ ಸಿನಿಮಾ ಇದಕ್ಕೆ ಅಪವಾದವಿರಬಹುದು.

ಆದ್ದರಿಂದ ತೀರ್ಪು ಹೀಗೆ: ಮನೆಮಂದಿಯೆಲ್ಲ ಕೂತು ನೋಡುವುದಾದರೆ ಬಾಡಿಗೆ ಕಾಸಿಗೆ ತಕ್ಕ ಕಜ್ಜಾಯವೇ, ಧಾರಾಳವಾಗಿ ಕೊಡಿ. ಈಗ ಇರುವ ರೂಪದ ‘ಖರೀದಿ’ ಅದರ ಬೆಲೆಗೆ ಯೋಗ್ಯವಲ್ಲ. ಪರವಾನಗಿಯನ್ನು ಪರವಾನಗಿ ಎಂದೇ ಕರೆದು ಮಾರಬೇಕೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ ಒಂದು ಸಾಲಿನ ಆದೇಶ ಹೊರಡಿಸಲಿ. ಓಟಿಟಿಗಳ ಬಾಗಿಲಲ್ಲಿ ಕಾಯುತ್ತಿರುವ ಕನ್ನಡದ ನಿರ್ಮಾಪಕರು, ನೂರು–ನೂರೈವತ್ತು ರೂಪಾಯಿಗೆ ಬೀಗವಿಲ್ಲದ ಕಡತವನ್ನು ನೇರ ಮಾರುವ ಧೈರ್ಯ ಮಾಡಲಿ. ಅವರು ಹಾಗೆ ಮಾರಿದ ದಿನ, ಕದ್ದ ಕೊಂಡಿಯನ್ನು ಬಿಟ್ಟು ದುಡ್ಡು ಕೊಟ್ಟು ಕೊಳ್ಳುವುದು ನಮ್ಮ ಜವಾಬ್ದಾರಿ.